ಪದವಿನ ಮೇಲೆ ರೆಡಾನ್: ಕಾಸರಗೋಡಿನ ನೆಲಕ್ಕೆ ಹೊಂದಿಸಿದ ಒಂದು ವರ್ಚುವಲ್ ಗಾಲ್ಫ್ ಕೋರ್ಸಿನ ಪ್ರಕರಣ

ಕುಂಬಳೆಯಿಂದ ಬದಿಯಡ್ಕದ ದಾರಿ ಹಿಡಿದರೆ ಸೀತಾಂಗೋಳಿ ಹತ್ತಿರವಾಗುತ್ತಿದ್ದಂತೆ ಏರು ಮುಗಿದು ನೆಲ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಇಲ್ಲಿಯವರು ಪದವು ಎನ್ನುವುದು ಇದನ್ನೇ. ಕೆಳಗೆ ಮುರಕಲ್ಲು (ಜಂಬಿಟ್ಟಿಗೆ), ಮೇಲೆ ಗೇಣುದ್ದ ಮಣ್ಣು, ಅದರಲ್ಲಿ ಮುಳಿಹುಲ್ಲು, ಅಲ್ಲಲ್ಲಿ ಗೇರುಮರ. ಮಳೆಗಾಲದಲ್ಲಿ ಪಳ್ಳಗಳಲ್ಲಿ ನೀರು ನಿಂತು ಎಲ್ಲೆಲ್ಲೂ ಹಸಿರು. ಜನವರಿಗೆ ಮುಳಿ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ, ನೆಲ ಕಲ್ಲಾಗುತ್ತದೆ. ಪದವಿನ ಅಂಚಿಗೆ ಬಂದರೆ ಗುಡ್ಡೆ ಕಡಿದಾಗಿ ಇಳಿದು ಅಡಕೆ ತೋಟ, ತೋಟದ ನಡುವೆ ತೋಡು.

ಅಂಥ ನೆಲದ ಮೇಲೆ ಕಟ್ಟಿದ 9 ಹೋಲಿನ (ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಆಟದ ಹಾದಿ ಒಂದು ಹೋಲು) ವರ್ಚುವಲ್ ಕೋರ್ಸಿನ ಪ್ರಕರಣ ಇದು. ಆಡುವುದು ಸಿಮ್ಯುಲೇಟರ್ ಕೋಣೆಯಲ್ಲಿ: ಆಟಗಾರ ಮ್ಯಾಟಿನ ಮೇಲೆ ನಿಂತು ಪರದೆಗೆ ಚೆಂಡು ಹೊಡೆಯುತ್ತಾನೆ, ಯಂತ್ರ ಚೆಂಡಿನ ವೇಗ, ಏರುಕೋನ, ತಿರುಗುವಿಕೆಗಳನ್ನು ಅಳೆದು ಮುಂದಿನ ಹಾರಾಟವನ್ನು ಲೆಕ್ಕ ಹಾಕುತ್ತದೆ. ಬೇಡಿಕೆ ಎರಡು. ನೋಡಿದವರಿಗೆ ನಮ್ಮ ಊರು ಅನ್ನಿಸಬೇಕು. ಒಂಬತ್ತರಲ್ಲಿ ಮೂರು ಹೋಲುಗಳು ಜಗತ್ತಿನ ಹೆಸರಾಂತ ಹೋಲುಗಳಿಂದ ಬಂದಿರಬೇಕು. ಉಪಕರಣಗಳು ಜಿಎಸ್‌ಪ್ರೊ ಸಿಮ್ಯುಲೇಟರಿಗೆ ಕೋರ್ಸ್ ಮಾಡುವವರು ಬಳಸುವಂಥವೇ: ಎತ್ತರದ ನಕ್ಷೆಗೆ ಕ್ಯೂಜಿಐಎಸ್, ಫೇರ್‌ವೇ-ಗ್ರೀನ್-ಬಂಕರುಗಳ (ಕತ್ತರಿಸಿದ ಹುಲ್ಲಿನ ಹಾದಿ, ಕುಳಿಯಿರುವ ನುಣುಪು ಹುಲ್ಲು, ಮರಳುಗುಂಡಿ) ಗೆರೆ ಎಳೆಯಲು ಇಂಕ್‌ಸ್ಕೇಪ್, ಆ ಗೆರೆಗಳನ್ನು ನೆಲಕ್ಕೆ ಅಂಟಿದ ಮೆಶ್ (ಮೂರು ಆಯಾಮದ ಮೈ) ಮಾಡಲು ಬ್ಲೆಂಡರ್, ಕೊನೆಗೆ ಎಲ್ಲವನ್ನೂ ಸೇರಿಸಲು ಯೂನಿಟಿ.

ಯಾವ ಹೋಲಿನಿಂದ ಏನನ್ನು ತೆಗೆದುಕೊಳ್ಳಬೇಕು ಎಂಬಲ್ಲಿಯೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಫೋಟೊ ಎದುರಿಗಿಟ್ಟು ಬಂಕರಿನ ಆಕಾರ, ಮರದ ಜಾಗ, ಹಿನ್ನೆಲೆಯ ಕಟ್ಟಡ ಎಲ್ಲ ನಕಲು ಮಾಡುತ್ತಾರೆ. ಆಡಿದರೆ ಮಾತ್ರ ಹೋಲು ಸಪ್ಪೆ. ಹೋಲು ಅಂದರೆ ಟೀಯ (ಮೊದಲ ಹೊಡೆತದ ಜಾಗ) ಮೇಲೆ ನಿಂತವನಿಗೆ ನೆಲ ಹಾಕುವ ಒಂದು ಪ್ರಶ್ನೆ. ಆ ಪ್ರಶ್ನೆ ಇರುವುದು ಕೋನ, ಇಳಿಜಾರು, ದೂರ, ಗಾಳಿ, ನೆಲದ ಗಟ್ಟಿತನ ಈ ಐದರಲ್ಲಿ. 20ನೇ ಶತಮಾನದ ಆರಂಭದಲ್ಲಿ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಸ್ಕಾಟ್ಲೆಂಡ್, ಇಂಗ್ಲೆಂಡುಗಳ ಹೋಲುಗಳನ್ನು ಅಳೆದು ನೋಡಿ ಅಮೆರಿಕದ ಲಾಂಗ್ ಐಲೆಂಡಿನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಕಟ್ಟಿದಾಗ ಮಾಡಿದ್ದೂ ಇದನ್ನೇ. ಅಲ್ಲಿನ 4ನೇ ಹೋಲು ರೆಡಾನ್, ಓರೆ ಗ್ರೀನಿನ ಒಂದು ಮಾದರಿ. ಸ್ಕಾಟ್ಲೆಂಡಿನ ಮೂಲವನ್ನು ನೋಡಿ ಇದನ್ನು ನೋಡಿದರೆ ದೃಶ್ಯ ಬೇರೆ, ಪ್ರಶ್ನೆ ಒಂದೇ.

ಕಾನೂನಿನ ಕಾರಣವೂ ಇದೆ. ಅಮೆರಿಕದ ಟೆಕ್ಸಸಿನಲ್ಲಿ ಹೆಸರಾಂತ ಹೋಲುಗಳ ನಕಲು ಮಾಡಿದ ಟೂರ್ 18 ಎಂಬ ಕೋರ್ಸಿನ ಮೇಲೆ ಪೆಬಲ್ ಬೀಚ್ ಮುಂತಾದವರು ಹೂಡಿದ ದಾವೆ 1998ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಹಾರ್ಬರ್ ಟೌನಿನ 18ನೇ ಹೋಲಿನ ಲೈಟ್‌ಹೌಸ್ ಆ ಹೋಲಿನ ಗುರುತು, ಅದನ್ನು ಎತ್ತಿಕೊಳ್ಳುವಂತಿಲ್ಲ ಎಂದಾಯಿತು. ಇಳಿಜಾರಿಗೆ ಯಾರೂ ಒಡೆಯರಲ್ಲ. ಲೈಟ್‌ಹೌಸಿಗೆ, ಹೆಸರಿಗೆ, ಲಾಂಛನಕ್ಕೆ ಒಡೆಯರಿದ್ದಾರೆ. ಹಾಗಾಗಿ ಈ ಕೋರ್ಸಿನಲ್ಲಿ ಯಾವ ಕ್ಲಬ್ಬಿನ ಹೆಸರೂ ಇಲ್ಲ.

ಆಯ್ಕೆಯ ಪಟ್ಟಿಯಲ್ಲಿ ಮೊದಲು ಎದ್ದು ನಿಂತದ್ದು ಫ್ಲಾರಿಡಾದ ಟಿಪಿಸಿ ಸಾಗ್ರಾಸಿನ 17ನೇ ಹೋಲು, ನೀರಿನ ನಡುವಿನ ಗ್ರೀನ್, 137 ಗಜ. ಪಕ್ಕದಲ್ಲೇ ಅನಂತಪುರ ಇರುವಾಗ, ಸರೋವರದ ನಡುವೆ ಗುಡಿ ಇರುವ ಆ ಚಿತ್ರ ಯಾರ ತಲೆಗೂ ಹೊಳೆಯುವಂಥದ್ದೇ. ಅದನ್ನು ಆಗಲೇ ಕೈಬಿಡಲಾಯಿತು. ಜನ ಕೈಮುಗಿಯುವ ಜಾಗದತ್ತ ಚೆಂಡು ಹೊಡೆಸುವುದು ತಪ್ಪು, ಪರದೆಯ ಮೇಲಾದರೂ ತಪ್ಪು. ಆಟದ ದೃಷ್ಟಿಯಿಂದಲೂ ನಷ್ಟವೇನಿಲ್ಲ: ದ್ವೀಪದ ಗ್ರೀನಿನಲ್ಲಿ ನೆಲದ ಮೇಲೆ ಉರುಳಿಸುವ ದಾರಿಯೇ ಇಲ್ಲ, ಹೊಸಬರು ಒಂದೇ ಹೋಲಿನಲ್ಲಿ ಆರೇಳು ಚೆಂಡು ಮುಳುಗಿಸಿ ಬೇಸತ್ತು ಹೋಗುತ್ತಾರೆ. ದಿಗಂತದಲ್ಲಿ ಬೇಕಲ ಕೋಟೆ ಕಾಣಿಸಲಿ ಎಂಬ ಸಲಹೆಯೂ ಬಿದ್ದುಹೋಯಿತು. ಬೇಕಲ ಇರುವುದು ಚಂದ್ರಗಿರಿ ಹೊಳೆಯ ಆಚೆ. ಸೀತಾಂಗೋಳಿಯ ಪದವಿನಿಂದ ಅದು ಕಾಣುವುದಿಲ್ಲ ಎಂದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು.

ಉಳಿದ ಮೂರು: ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನ 15ನೇ ಹೋಲು ರೆಡಾನ್, ಮ್ಯಾಕ್‌ಡೊನಾಲ್ಡ್ ರೂಪಿಸಿದ ಕೇಪ್ ಮಾದರಿ, ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸಿನ 17ನೇ ರೋಡ್ ಹೋಲು.

ನೆಲ ತಯಾರಿ

ಅಮೆರಿಕದಲ್ಲಿ, ಬ್ರಿಟನ್ನಿನ ಬಹಳ ಕಡೆ ಲೈಡಾರ್ (ಲೇಸರ್ ಕಿರಣದ) ಅಳತೆ ಉಚಿತವಾಗಿ ಸಿಗುತ್ತದೆ, ಒಂದು ಮೀಟರಿಗೊಂದು ಎತ್ತರದ ಬಿಂದು. ಇಲ್ಲಿ ಕೈಗೆ ಸುಲಭವಾಗಿ ಸಿಗುವುದು 30 ಮೀಟರಿಗೊಂದು ಬಿಂದು ಇರುವ ಎಸ್‌ಆರ್‌ಟಿಎಂ, ಕೊಪರ್ನಿಕಸ್ ಜಿಎಲ್‌ಒ-30, ಇಸ್ರೊದ ಕಾರ್ಟೊಡೆಮ್ ಎಂಬ, ಬಾಹ್ಯಾಕಾಶದಿಂದ ಅಳೆದ ಎತ್ತರನಕ್ಷೆಗಳು. ಈ ವ್ಯತ್ಯಾಸದ ಅರ್ಥ ಅಂಕಿಯಲ್ಲಿ ನೋಡಿದರೇ ಗೊತ್ತಾಗುವುದು. ಕೋರ್ಸಿಗೆ ಇಟ್ಟುಕೊಂಡ ಚೌಕ 1,024 ಮೀಟರ್. ಯೂನಿಟಿಯಲ್ಲಿ 2,049 ಬಿಂದುಗಳ ಎತ್ತರನಕ್ಷೆ ಇಟ್ಟರೆ ಸರಿಯಾಗಿ ಅರ್ಧ ಮೀಟರಿಗೊಂದು ಬಿಂದು, ಒಟ್ಟು ಸುಮಾರು 42 ಲಕ್ಷ. ಉಪಗ್ರಹ ಕೊಡುವುದು ಅದೇ ಚೌಕಕ್ಕೆ ಅಡ್ಡಕ್ಕೆ 34, ಉದ್ದಕ್ಕೆ 34, ಅಂದರೆ ಸುಮಾರು 1,150 ಎತ್ತರ. ಒಂದು ಕೋಶ 900 ಚದರ ಮೀಟರ್. ಸಾಮಾನ್ಯ ಗ್ರೀನ್ ಅದರ ಅರ್ಧ. ಹಾಗಾಗಿ ಉಪಗ್ರಹದಿಂದ ಗುಡ್ಡೆ ಬರುತ್ತದೆ, ಬಯಲು ಬರುತ್ತದೆ, ಗ್ರೀನ್ ಬರುವುದಿಲ್ಲ. ಗ್ರೀನ್, ಬಂಕರ್, ಟೀ, ಅಗಳು ಎಲ್ಲ ಕೈಕೆಲಸ.

ಕೊಪರ್ನಿಕಸ್ ನಕ್ಷೆಯಲ್ಲಿ ಇನ್ನೊಂದು ಬಲೆ ಇದೆ. ಅದು ಅಳೆಯುವುದು ನೆಲವನ್ನಲ್ಲ, ಮೇಲಿನಿಂದ ಕಾಣುವ ಮೈಯನ್ನು. ಪದವಿನ ಮೇಲೆ ಹುಲ್ಲಷ್ಟೇ ಇರುವುದರಿಂದ ತೊಂದರೆಯಿಲ್ಲ. ಕೆಳಗಿನ ತೋಟದಲ್ಲಿ ಮಾತ್ರ ಅಡಕೆ ಮರದ ತಲೆಯೇ ನೆಲವಾಗಿ ಬಿಡುತ್ತದೆ. ಮರ 12 ಮೀಟರ್ ಎತ್ತರವಿದ್ದರೆ ಕಣಿವೆ ಹತ್ತಿರ ಹತ್ತಿರ ಅಷ್ಟೇ ತುಂಬಿಹೋದಂತೆ ಕಾಣುತ್ತದೆ, ತೋಡು ಏರುಮುಖವಾಗಿ ಹರಿಯುತ್ತದೆ. ಪರಿಹಾರ: ಕ್ಯೂಜಿಐಎಸ್‌ನಲ್ಲಿ ತೋಟದ ಗಡಿ ಎಳೆದು, ಆ ಬಹುಭುಜದೊಳಗೆ ಮರದ ಎತ್ತರ ಕಳೆದು, ಅಂಚಿನಲ್ಲಿ 20-30 ಮೀಟರ್ ಮೃದು ಮಾಡಿ, ಕೊನೆಗೆ ತೋಡಿನ ಉದ್ದಕ್ಕೂ ಎತ್ತರ ಓದಿ ನೋಡುವುದು. ತಲೆಯಿಂದ ಬುಡದವರೆಗೆ ಎತ್ತರ ಇಳಿಯುತ್ತಲೇ ಹೋಗಬೇಕು. ಎಲ್ಲಿಯಾದರೂ ಏರಿದರೆ ಅಲ್ಲಿ ಇನ್ನೂ ಮರ ಉಳಿದಿದೆ.

ಡಿಗ್ರಿಯಲ್ಲಿರುವ ನಕ್ಷೆಯನ್ನು ಮೀಟರಿಗೆ ತರಲು ಯುಟಿಎಂ ಎಂಬ ನಕ್ಷಾ ಪದ್ಧತಿಯ 43 ಉತ್ತರ ವಲಯ ಬಳಸಬೇಕು. ಅದರ ನಡುರೇಖೆ 75 ಡಿಗ್ರಿ ಪೂರ್ವ, ಕಾಸರಗೋಡು ಅದರ ಮಗ್ಗುಲಲ್ಲೇ ಇದೆ. ಆದ್ದರಿಂದ ಇಲ್ಲಿ ನಕ್ಷೆಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವಿಲ್ಲ, ಬಿಸಿಲಿನ ದಿಕ್ಕು ಹೊಂದಿಸುವಾಗ ಇದು ಉಪಕಾರಿ. 30 ಮೀಟರಿನಿಂದ ಅರ್ಧ ಮೀಟರಿಗೆ ಹಿಗ್ಗಿಸುವಾಗ ಕ್ಯೂಬಿಕ್ ಸ್ಪ್ಲೈನ್ ವಿಧಾನವೇ ಬೇಕು. ಹತ್ತಿರದ ಬಿಂದುವಿನ ವಿಧಾನದಲ್ಲಿ ಗದ್ದೆಯ ಕಟ್ಟೆಗಳಂತೆ ಮೆಟ್ಟಿಲು ಬರುತ್ತದೆ. ಬೈಲೀನಿಯರಿನಲ್ಲಿ ಪ್ರತಿ 30 ಮೀಟರಿಗೆ ಮಡಿಕೆ ಬೀಳುತ್ತದೆ, ಇಳಿಬಿಸಿಲಿನಲ್ಲಿ ಆ ಮಡಿಕೆ ಕಣ್ಣಿಗೆ ಹೊಡೆಯುತ್ತದೆ.

ಎತ್ತರನಕ್ಷೆಯನ್ನು ಯೂನಿಟಿಗೆ ಕೊಡುವುದು 16 ಬಿಟ್ ರಾ ಫೈಲಾಗಿ. ಮೇಲುಕೆಳಗಿನ ಅಂತರ 80 ಮೀಟರ್ ಎಂದಿಟ್ಟರೆ ಒಂದು ಹಂತ 1.2 ಮಿಲಿಮೀಟರ್. ಆತುರದಲ್ಲಿ 8 ಬಿಟ್ ಪಿಎನ್‌ಜಿ ಮಾಡಿಕೊಂಡರೆ ಅದೇ 80 ಮೀಟರ್ 256 ಹಂತಕ್ಕೆ ಹಂಚಿಹೋಗಿ ಒಂದೊಂದು ಹಂತ 31 ಸೆಂಟಿಮೀಟರ್! ಇಡೀ ಪದವು ಮೆಟ್ಟಿಲು ಮೆಟ್ಟಿಲಾಗುತ್ತದೆ. ಎಷ್ಟು ಮೃದುಗೊಳಿಸಿದರೂ ಹೋದ ಮಾಹಿತಿ ವಾಪಸು ಬರುವುದಿಲ್ಲ, ಮೊದಲಿನಿಂದ ಮಾಡಬೇಕು. ಮೇಲುಕೆಳಗಾಗಿ ಬಂದ ನಕ್ಷೆಯನ್ನು ಗುರುತಿಸಲು ಒಂದು ಮೂಲೆಯಲ್ಲಿ 5 ಮೀಟರ್ ಎತ್ತರದ ಸುಳ್ಳು ದಿಬ್ಬ ಇಟ್ಟು, ಅದು ಸರಿಯಾದ ಮೂಲೆಗೆ ಬಂದಿದೆಯೇ ನೋಡಿ ಆಮೇಲೆ ಅಳಿಸುವುದು ಒಳ್ಳೆಯ ಅಭ್ಯಾಸ.

4ನೇ ಹೋಲು: ರೆಡಾನ್

ರೆಡಾನ್ ಎಂದರೆ ಕೋಟೆಯಿಂದ ಶತ್ರುವಿನತ್ತ ಮೊನೆ ಚಾಚಿದ ಕಟ್ಟೆ. ಕ್ರಿಮಿಯಾ ಯುದ್ಧದಲ್ಲಿ, 1855ರ ಸೆವಾಸ್ತೊಪೋಲ್ ಮುತ್ತಿಗೆಯ ಹೊತ್ತಿಗೆ, ಆ ಹೆಸರು ಬ್ರಿಟಿಷರ ಬಾಯಲ್ಲಿ ನೆಲೆಯೂರಿತು. ಅಲ್ಲಿಂದ ಗಾಲ್ಫಿಗೆ ಬಂತು. ನಾರ್ತ್ ಬೆರಿಕ್‌ನಲ್ಲಿ ಅದು ಸುಮಾರು 190 ಗಜದ ಪಾರ್ 3, ಅಂದರೆ ಮೂರು ಏಟಿನಲ್ಲಿ ಮುಗಿಸಬೇಕಾದ ಹೋಲು. ಗ್ರೀನ್ ಆಟದ ದಾರಿಗೆ ಓರೆಯಾಗಿದೆ, ಬಲಮುಂದಿನಿಂದ ಎಡಹಿಂದಕ್ಕೆ ಇಳಿಯುತ್ತದೆ. ಎಡಮುಂದೆ ಆಳವಾದ ಬಂಕರ್ ಕಾದಿದೆ. ಕಂಬ (ಕುಳಿಯ ಗುರುತು) ಎಡಹಿಂದೆ ಇದ್ದಾಗ ನೇರ ಅದಕ್ಕೆ ಹೊಡೆದರೆ ಬಂಕರ್ ದಾಟಿ ತಕ್ಷಣ ನಿಲ್ಲಿಸಬೇಕು, ನೆಲವೋ ಆಚೆಗೆ ಇಳಿಯುತ್ತಿದೆ. ಬಲ್ಲವನು ಬಲಮುಂದಿನ ಭುಜಕ್ಕೆ ಚೆಂಡು ಇಳಿಸಿ, ಉಳಿದದ್ದನ್ನು ನೆಲಕ್ಕೆ ಬಿಡುತ್ತಾನೆ. ಚೆಂಡು ಬಳುಕಿಕೊಂಡು ಕಂಬದ ಕಡೆ ಹರಿಯುತ್ತದೆ.

ಅಂದರೆ ನೆಲ ಗಟ್ಟಿಯಿಲ್ಲದೆ ರೆಡಾನ್ ಇಲ್ಲ. ಇಲ್ಲಿಯೇ ಪದವು ಹೊಂದಿಕೊಳ್ಳುವುದು. ಸ್ಕಾಟ್ಲೆಂಡಿನ ಕಡಲತಡಿಯ ಮರಳುನೆಲ ಗಟ್ಟಿಯಾಗಿರುವುದು ಒಂದು ಕಾರಣಕ್ಕೆ, ಜನವರಿಯ ಮುರಕಲ್ಲಿನ ನೆಲ ಗಟ್ಟಿಯಾಗಿರುವುದು ಇನ್ನೊಂದು ಕಾರಣಕ್ಕೆ. ಚೆಂಡಿಗೆ ಎರಡೂ ಒಂದೇ.

ದೂರದ ಲೆಕ್ಕದಲ್ಲಿ ಮೊದಲು ಎಡವುವುದು ಗಜ-ಮೀಟರಿನಲ್ಲಿ. 190 ಗಜ ಎಂದರೆ 174 ಮೀಟರ್. ಮೀಟರಿನ ಕೋಷ್ಟಕದಲ್ಲಿ 190 ಎಂದೇ ತುಂಬಿದರೆ ಹೋಲು 208 ಗಜವಾಗುತ್ತದೆ, ಎರಡು ಕ್ಲಬ್ಬಿನಷ್ಟು, ಅಂದರೆ ಹೊಡೆಯುವ ಕೋಲನ್ನು ಎರಡು ಹಂತ ಬದಲಿಸುವಷ್ಟು, ವ್ಯತ್ಯಾಸ. ಎರಡನೆಯದು ಗಾಳಿಯ ಸಾಂದ್ರತೆ. 12 ಡಿಗ್ರಿಯ ಸ್ಕಾಟ್ಲೆಂಡಿಗಿಂತ 32 ಡಿಗ್ರಿಯ ಕಾಸರಗೋಡಿನಲ್ಲಿ ಗಾಳಿ ಶೇ. 7ರಷ್ಟು ಹಗುರ, ಅದೇ ಹೊಡೆತ ನಾಲ್ಕೈದು ಮೀಟರ್ ಹೆಚ್ಚು ಹಾರುತ್ತದೆ. ತಾಪಮಾನ ಸಿಮ್ಯುಲೇಟರಿನಲ್ಲಿ ನಮೂದಿಸುವಂತಿದ್ದರೆ ಟೀಯನ್ನು ಅಷ್ಟು ಹಿಂದೆ ಇಡಬಹುದು. ಇಲ್ಲಿ ಹಿಂದಿನ ಟೀ 178 ಮೀಟರಿಗೆ, ಮುಂದಿನದು 118ಕ್ಕೆ.

ಹೋಲಿನ ಮುಖ ಉತ್ತರಕ್ಕೆ. ಎಡಗಡೆ ಪಡುವಣ, ದೂರದಲ್ಲಿ ಕಡಲಿನ ಒಂದು ಗೆರೆ. ಒಣತಿಂಗಳುಗಳ ಮಧ್ಯಾಹ್ನದ ಕಡಲಗಾಳಿ ಎಡದಿಂದ ಬಲಕ್ಕೆ ಬೀಸುವುದರಿಂದ ನೆಲ ಎಳೆಯುವ ದಿಕ್ಕಿಗೆ ಗಾಳಿ ಎದುರು. ದಕ್ಷಿಣಕ್ಕೆ ಮುಖ ಮಾಡಿದ್ದರೆ ಗಾಳಿಯೂ ಇಳಿಜಾರೂ ಒಟ್ಟಿಗೆ ಎಡಕ್ಕೇ ದೂಡುತ್ತಿದ್ದವು, ಆಟಗಾರನಿಗೆ ಯೋಚಿಸಲು ಏನೂ ಉಳಿಯುತ್ತಿರಲಿಲ್ಲ.

ಮೊದಲ ಆವೃತ್ತಿ ಕೆಟ್ಟದ್ದು ಗ್ರೀನಿನಲ್ಲಿ. 34 ಮೀಟರ್ ಉದ್ದ, 17 ಮೀಟರ್ ಅಗಲ, ಆಟದ ದಾರಿಗೆ 45 ಡಿಗ್ರಿ ಓರೆ; ಇಷ್ಟು ಸರಿಯಾಗಿತ್ತು. ಇಳಿಜಾರು ಮಾತ್ರ ಉದ್ದಕ್ಕೂ ಶೇ. 5. ಕಾರಣ ಸಾಮಾನ್ಯವಾದದ್ದೇ: ಪರದೆಯ ಮೇಲೆ ಇಳಿಜಾರು ಇರುವುದಕ್ಕಿಂತ ಚಪ್ಪಟೆಯಾಗಿ ಕಾಣುತ್ತದೆ, ಶೇ. 3 ಇಟ್ಟರೆ ಏನೂ ಇಲ್ಲವೆನ್ನಿಸುತ್ತದೆ, ಕೈ ತಾನಾಗಿ ಹೆಚ್ಚಿಸುತ್ತದೆ. ಕಣ್ಣನ್ನು ನಂಬದೆ ಲೆಕ್ಕ ಮಾಡಬೇಕಾದ ಜಾಗ ಇದು.

ಗ್ರೀನಿನ ವೇಗ ಅಳೆಯುವುದು ಸ್ಟಿಂಪ್‌ಮೀಟರಿನಿಂದ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದ ಸರಳ ಉಪಕರಣ. ಓರೆ ಮಾಡಿದ ಪಟ್ಟಿಯಿಂದ ಚೆಂಡು ಸೆಕೆಂಡಿಗೆ ಸುಮಾರು 1.83 ಮೀಟರ್ ವೇಗದಲ್ಲಿ ಗ್ರೀನಿಗೆ ಇಳಿಯುತ್ತದೆ. ಸಮತಟ್ಟಿನಲ್ಲಿ ಎಷ್ಟು ಅಡಿ ಉರುಳಿತೋ ಅದೇ ಅಂಕಿ. ವೇಗ 10 ಎಂದರೆ 10 ಅಡಿ, 3.05 ಮೀಟರ್. ಇದರಿಂದ ಹುಲ್ಲು ಚೆಂಡನ್ನು ತಡೆಯುವ ಬಲ ಸಿಗುತ್ತದೆ: ಪ್ರತಿ ಸೆಕೆಂಡಿನಲ್ಲೂ ಚೆಂಡಿನ ವೇಗ ಸೆಕೆಂಡಿಗೆ 0.55 ಮೀಟರಿನಷ್ಟು ತಗ್ಗುತ್ತದೆ. ಇಳಿಜಾರು ಎಳೆಯುವ ಬಲ, ಉರುಳುವ ಗೋಲಿಗೆ, ಗುರುತ್ವದ ಏಳರಲ್ಲಿ ಐದು ಪಾಲನ್ನು ಇಳಿಜಾರಿನಿಂದ ಗುಣಿಸಿದಷ್ಟು, ಶೇ. 1ಕ್ಕೆ 0.07. ಈಗ ಕಳೆಯುವುದಷ್ಟೇ. ವೇಗ 10ರ ಗ್ರೀನಿನಲ್ಲಿ ಶೇ. 3ರ ಇಳಿಕೆಗೆ ಅದೇ ಚೆಂಡು 4.9 ಮೀಟರ್ ಹೋಗುತ್ತದೆ, ಏರಿಕೆಗೆ 2.2. ಶೇ. 5ರ ಇಳಿಕೆಗೆ 8.4 ಮೀಟರ್. ವೇಗ 12 ಮಾಡಿದರೆ ಶೇ. 5ರಲ್ಲಿ 15.6 ಮೀಟರ್, ಶೇ. 6ರಲ್ಲಿ 45 ಮೀಟರ್, ಅಂದರೆ ಗ್ರೀನಿಗಿಂತ ಉದ್ದ, ಶೇ. 6.5 ದಾಟಿದರೆ ಚೆಂಡು ನಿಲ್ಲುವುದೇ ಇಲ್ಲ. ಸಿಮ್ಯುಲೇಟರಿನ ಒಳಲೆಕ್ಕ ಇದಕ್ಕಿಂತ ಜಟಿಲ, ಆದರೂ ಈ ಲೆಕ್ಕ ದಾರಿ ತಪ್ಪಿಸುವುದಿಲ್ಲ. ಮೊದಲ ಆವೃತ್ತಿಯನ್ನು ವೇಗ 12ರಲ್ಲಿ ಆಡಿದಾಗ ಒಳ್ಳೆಯ ಹೊಡೆತವೂ ಕೆಟ್ಟ ಹೊಡೆತವೂ ಒಂದೇ ಕಡೆ, ಗ್ರೀನಿನ ಹಿಂದಿನ ಮುಳಿಯಲ್ಲಿ, ಕೊನೆಗೊಳ್ಳುವುದು ಅನಿವಾರ್ಯವಾಗಿತ್ತು.

ತಿದ್ದಿದ ಗ್ರೀನಿಗೆ ಮೂರು ಪಾಲು. ಪ್ರವೇಶದ 10 ಮೀಟರ್ ಶೇ. 6, ನಡುವಿನ 14 ಮೀಟರ್ ಶೇ. 3, ಹಿಂದಿನ 10 ಮೀಟರ್ ಶೇ. 1.5. ಒಟ್ಟು ಇಳಿಕೆ 1.17 ಮೀಟರ್. ಪಾಲುಗಳ ನಡುವೆ ಮಡಿಕೆ ಕಾಣದಂತೆ 3 ಮೀಟರ್ ಉದ್ದಕ್ಕೆ ಬಾಗಿಸಲಾಯಿತು. ಕಂಬ ನೆಡುವ ಜಾಗಗಳು ನಾಲ್ಕು, ಎಲ್ಲವೂ ಶೇ. 3 ಮೀರದ ಕಡೆ, ಅಂಚಿನಿಂದ 4 ಮೀಟರ್ ಒಳಕ್ಕೆ ಸರಿದು. ವೇಗ 10ಕ್ಕೆ ಬಿಗಿ. ವೇಗವನ್ನು ಆಟಗಾರನ ಆಯ್ಕೆಗೆ ಬಿಡುವುದು ಉದಾರವಾಗಿ ಕಂಡರೂ, ಓರೆ ಗ್ರೀನಿನಲ್ಲಿ ಅದು ಹೋಲನ್ನೇ ಆಟಗಾರನ ಕೈಗೆ ಕೊಟ್ಟು ಕೆಡಿಸಲು ಬಿಟ್ಟಂತೆ.

ಗ್ರೀನಿನ ಮುಂದಿನ ಭುಜಕ್ಕೂ ಅಷ್ಟೇ ಗಮನ ಬೇಕು. ಬಲಮುಂದೆ 12 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ, ಒಳಮುಖವಾಗಿ ಶೇ. 8 ವಾಲಿದೆ. ಅಲ್ಲಿನ ಹುಲ್ಲು ಫೇರ್‌ವೇಯದಾಗಿರಬೇಕು. ಗ್ರೀನಿನ ಸುತ್ತ ಎರಡು ಮೀಟರ್ ರಫ್ (ಉದ್ದ ಹುಲ್ಲಿನ) ಪಟ್ಟಿ ಎಳೆಯುವುದು ಬ್ಲೆಂಡರಿನಲ್ಲಿ ಅಭ್ಯಾಸಬಲದಿಂದ ಆಗಿಬಿಡುತ್ತದೆ. ಆ ಪಟ್ಟಿ ಭುಜಕ್ಕೂ ಗ್ರೀನಿಗೂ ನಡುವೆ ಬಂದರೆ ಉರುಳಿ ಬರುವ ಚೆಂಡು ಅಲ್ಲೇ ಸತ್ತುಹೋಗುತ್ತದೆ, ರೆಡಾನೂ ಸತ್ತುಹೋಗುತ್ತದೆ. ಇನ್ನೊಂದು ಮಾತು: ವೃತ್ತಿಪರರ 5-ಐರನ್ ಚೆಂಡು ಸುಮಾರು 50 ಡಿಗ್ರಿಯಲ್ಲಿ ಕೆಳಗಿಳಿಯುತ್ತದೆ, ಹೆಚ್ಚು ಓಡುವುದಿಲ್ಲ. ಉದ್ದದ ಕ್ಲಬ್ಬಿನಲ್ಲಿ ತಗ್ಗಾಗಿ ಹೊಡೆಯುವ ಹವ್ಯಾಸಿಗೇ ಭುಜದ ಉಪಕಾರ ಹೆಚ್ಚು. ಈ ಹೋಲು ಬಲಹೀನರಿಗೂ ಒಂದು ದಾರಿ ತೆರೆದಿಡುತ್ತದೆ ಎಂಬುದೇ ಅದರ ದೊಡ್ಡತನ.

ಬಂಕರಿಗೆ ಕಲ್ಲಿನ ಕೋರೆಯ ರೂಪ. ಪದವಿನ ಮೇಲೆ ಮುರಕಲ್ಲು ಕಡಿದು ಬಿಟ್ಟ ಗುಂಡಿಗಳನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಗೋಡೆ ನೆಟ್ಟಗೆ, ಅದರ ಮೇಲೆ ಯಂತ್ರದ ಗರಗಸ ಎಳೆದ ಸಮಾನಾಂತರ ಗೆರೆಗಳು, ಮೇಲಂಚಿನಲ್ಲಿ ಕಪ್ಪು ಹಾವಸೆ, ಕೆಳಗೆ ಹೋದಂತೆ ಕೆಂಪು ತಿಳಿಯಾಗಿ ಹಳದಿ ಬಿಳಿ ಮಚ್ಚೆ. ಎತ್ತರನಕ್ಷೆಯಲ್ಲಿ ನೆಟ್ಟಗಿನ ಗೋಡೆ ಸಾಧ್ಯವಿಲ್ಲ. ಅರ್ಧ ಮೀಟರಿಗೊಂದು ಬಿಂದು ಇರುವಾಗ 1.8 ಮೀಟರ್ ಗೋಡೆ 74 ಡಿಗ್ರಿಯ ಇಳಿಜಾರಾಗುತ್ತದೆ, ಅದರ ಮೇಲಿನ ಕಲ್ಲಿನ ಚಿತ್ರ ಎಳೆದ ರಬ್ಬರಿನಂತೆ ಉದ್ದವಾಗುತ್ತದೆ. ಆದ್ದರಿಂದ ಗೋಡೆ ಬೇರೆ ಮೆಶ್. ಅದನ್ನು ನೆಲದೊಳಗೆ 15 ಸೆಂಟಿಮೀಟರ್ ಹೂಳಬೇಕು. ಬುಡದಲ್ಲಿ ಕೂದಲೆಳೆಯ ಸಂದು ಉಳಿದರೂ 42.67 ಮಿಲಿಮೀಟರಿನ ಚೆಂಡು ಅದರೊಳಗೆ ನುಗ್ಗಿ ಭೂಮಿಯ ಕೆಳಗೆ ಬೀಳುತ್ತದೆ, ಏಕೆಂದರೆ ವೇಗದ ಚೆಂಡು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ತೆಳ್ಳಗಿನ ಮೈಯನ್ನು ಹಾರಿಹೋಗುತ್ತದೆ. ಗೋಡೆಗೆ ಕನಿಷ್ಠ 30 ಸೆಂಟಿಮೀಟರ್ ದಪ್ಪ ಕೊಟ್ಟದ್ದೂ ಇದಕ್ಕೇ.

ಬಂಕರಿನ ಹೊಯಿಗೆಯ (ಮರಳಿನ) ತಳ ಗೋಡೆಯಿಂದ ದೂರಕ್ಕೆ ವಾಲಿರಬೇಕು. ಗೋಡೆಯಿಂದ 1 ಮೀಟರ್ ದೂರದಲ್ಲಿ ಚೆಂಡು ನಿಂತರೆ 1.8 ಮೀಟರ್ ದಾಟಲು 61 ಡಿಗ್ರಿಯ ಏರುಕೋನ ಬೇಕು, ಮ್ಯಾಟಿನ ಮೇಲೆ ಅದು ಯಾರ ಕೈಲೂ ಆಗದು. 2.5 ಮೀಟರಿನಲ್ಲಿ 36 ಡಿಗ್ರಿ ಸಾಕು. ನಿಜವಾದ ಮರಳಿನಲ್ಲಿ ಆಟಗಾರ ಕ್ಲಬ್ಬಿನ ಮುಖ ಬಿಚ್ಚಿ ಮರಳನ್ನೇ ಹೊಡೆದು ಚೆಂಡನ್ನು ಎತ್ತುತ್ತಾನೆ. ಸಿಮ್ಯುಲೇಟರಿನಲ್ಲಿ ಆ ಸೌಲಭ್ಯವಿಲ್ಲ. ಹಾಗಾಗಿ ಮೂಲದಷ್ಟೇ ಆಳದ ಬಂಕರ್ ಮಾಡಿದರೆ ಅದು ಮೂಲಕ್ಕಿಂತ ಕ್ರೂರ.

7ನೇ ಹೋಲು: ಕೇಪ್

ಕೇಪಿನ ಪ್ರಶ್ನೆ ವ್ಯಾಪಾರದ್ದು: ಅಪಾಯವನ್ನು ಎಷ್ಟು ಕೊಳ್ಳುತ್ತೀ, ಪ್ರತಿಯಾಗಿ ಎಷ್ಟು ದೂರ ಉಳಿಸಿಕೊಳ್ಳುತ್ತೀ. ಮೂಲದಲ್ಲಿ ಅಪಾಯ ನೀರಿನದು. ಇಲ್ಲಿ ಪದವಿನ ಕೆಳಗಿನ ಅಡಕೆ ತೋಟ. ತೋಟದ ಅಂಚು ಟೀಯಿಂದ ನೇರಕ್ಕೆ 130 ಮೀಟರಿನಲ್ಲಿ ಶುರುವಾಗಿ 45 ಡಿಗ್ರಿ ಎಡಕ್ಕೆ ಓರೆಯಾಗಿ ದೂರ ಸರಿಯುತ್ತದೆ. ನೇರ ಹೊಡೆದರೆ 130 ಮೀಟರ್ ಹಾರಿದರೆ ಸಾಕು. 10 ಡಿಗ್ರಿ ಎಡಕ್ಕೆ ಗುರಿಯಿಟ್ಟರೆ 160, 15ಕ್ಕೆ 184, 20ಕ್ಕೆ 218. ಪ್ರತಿ ಐದು ಡಿಗ್ರಿಯ ಬೆಲೆ ಹಿಂದಿನ ಐದಕ್ಕಿಂತ ಹೆಚ್ಚು; ಕೇಪಿನ ಜೀವ ಇರುವುದು ಈ ಏರುವ ಬೆಲೆಯಲ್ಲಿ. ಪಡೆಯುವುದೇನು? ನೇರಕ್ಕೆ 200 ಮೀಟರ್ ಹೊಡೆದವನಿಗೆ ಗ್ರೀನಿಗೆ ಇನ್ನೂ 206 ಉಳಿಯುತ್ತದೆ. 15 ಡಿಗ್ರಿಯಲ್ಲಿ 200 ಹೊಡೆದವನಿಗೆ 163. 20 ಡಿಗ್ರಿಯಲ್ಲಿ 225 ಹೊಡೆದವನಿಗೆ 132. ಅಂಚನ್ನು 35 ಡಿಗ್ರಿಗೆ ತಿರುಗಿಸಿ ನೋಡಿದರೆ 20 ಡಿಗ್ರಿಯ ಗುರಿಗೆ 288 ಮೀಟರ್ ಬೇಕಾಗುತ್ತದೆ; ಯಾರೂ ಪ್ರಯತ್ನಿಸುವುದಿಲ್ಲ, ಆಯ್ಕೆಯೇ ಇಲ್ಲದಾಗುತ್ತದೆ.

ಈಗ ಬಹಳ ಮಂದಿ ಎಡಕ್ಕೆ ಬಾಗಿದ ಪ್ರತಿ ಹೋಲಿಗೂ ಕೇಪ್ ಎನ್ನುತ್ತಾರೆ. ಕೇಪ್ ಎಂದರೆ ಭೂಶಿರ. ಗ್ರೀನೇ ಅಪಾಯದೊಳಗೆ ಚಾಚಿರಬೇಕು. ಇಲ್ಲಿ ಗ್ರೀನಿನ ನಡುಬಿಂದು ಅಂಚಿನಿಂದ 28 ಮೀಟರ್ ಆಚೆ, ತೋಟದ ಮೇಲೆ ಚಾಚಿದ ಮುರಕಲ್ಲಿನ ಮೂಗಿನ ಮೇಲಿದೆ.

ತೋಟವನ್ನು ಔಟ್ ಆಫ್ ಬೌಂಡ್ಸ್ (ಆಟದ ಗಡಿಯ ಹೊರಗು) ಮಾಡಲಿಲ್ಲ, ಕೆಂಪು ಗೂಟದ ಪೆನಲ್ಟಿ ಪ್ರದೇಶ ಮಾಡಲಾಯಿತು. ಔಟ್ ಆದರೆ ಒಂದು ಏಟಿನ ದಂಡದೊಂದಿಗೆ ಮತ್ತೆ ಟೀಯಿಂದ ಹೊಡೆಯಬೇಕು. ಕೆಂಪಾದರೆ ಅದೇ ಒಂದು ಏಟಿಗೆ ಚೆಂಡು ಅಂಚು ದಾಟಿದ ಬಿಂದುವಿನಿಂದ ಎರಡು ಕ್ಲಬ್ಬಿನಳತೆಯೊಳಗೆ ಇಳಿಸಬಹುದು. ಧೈರ್ಯಕ್ಕೆ ಕರೆಯುವ ಹೋಲಿನಲ್ಲಿ ಸೋತವನನ್ನು ಟೀಗೆ ಓಡಿಸಬಾರದು.

ಅಡಕೆ ಮರ ನೆಡುವುದರಲ್ಲಿ ಕಾಸರಗೋಡಿನವರ ಕಣ್ಣಿಗೆ ಮಣ್ಣೆರಚಲಾಗದು. ಯೂನಿಟಿಯ ಕುಂಚ ಮರಗಳನ್ನು ಚೆಲ್ಲಾಪಿಲ್ಲಿಯಾಗಿ ಎರಚುತ್ತದೆ, ಕಾಡಿಗೆ ಅದು ಸರಿ. ತೋಟ ಸಾಲಿನಲ್ಲಿರುತ್ತದೆ. ಅಡಕೆಗೆ ಶಿಫಾರಸಾದ ಅಂತರ 2.7 ಮೀಟರ್, ತೆಂಗಿಗೆ 7.5. ಅಂದರೆ ಹೆಕ್ಟೇರಿಗೆ ಅಡಕೆ 1,370ರಷ್ಟು, ತೆಂಗು 177ರಷ್ಟು. 4 ಹೆಕ್ಟೇರ್ ತೋಟಕ್ಕೆ 5,500 ಮರ. ಎಲ್ಲವನ್ನೂ ಪೂರ್ಣ ಮೆಶ್ ಆಗಿ ಇಟ್ಟರೆ ಸಾಧಾರಣ ಗ್ರಾಫಿಕ್ಸ್ ಕಾರ್ಡು ಏದುಸಿರು ಬಿಡುತ್ತದೆ. ಅಂಚಿನ ಮೂರು ಸಾಲು ಪೂರ್ಣ ಮರ, ಚೆಂಡು ತಾಗುವ ಕೊಲೈಡರ್ ಅವಕ್ಕೆ ಮಾತ್ರ, ಅದೂ ಕಾಂಡಕ್ಕೆ. ಹಿಂದಿನವು ಚಿತ್ರದ ಹಾಳೆಗಳು. ಸಾಲು ಗೆರೆ ಎಳೆದಂತೆ ಆಗದಿರಲು ಪ್ರತಿ ಮರವನ್ನು 15 ಸೆಂಟಿಮೀಟರಿನೊಳಗೆ ಅತ್ತಿತ್ತ ಸರಿಸಿ, ಎತ್ತರವನ್ನು 9ರಿಂದ 14 ಮೀಟರಿನ ನಡುವೆ ಬದಲಿಸಿ, ನಡುನಡುವೆ ಸತ್ತ ಮರದ ಜಾಗಕ್ಕೆ ಎಳೆಯ ಸಸಿ ಇಡಲಾಯಿತು. ಕಾಂಡದ ಚಿತ್ರದಲ್ಲಿ ಸೋಗೆ ಕಳಚಿದ ಉಂಗುರಗಳು, ಅದರ ಮೇಲೆ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ಸೋರಿದ ತಿಳಿನೀಲಿ ಕಲೆ. ಈ ಒಂದು ಕಲೆ ಸಾಕು, ತೋಟ ಯಾರದೋ ಅಲ್ಲ, ನಮ್ಮದಾಗಲು.

9ನೇ ಹೋಲು, ಬೆಳಕು, ಮಳೆ

ರೋಡ್ ಹೋಲು ಇಲ್ಲಿ ಹೆಚ್ಚು ಕಷ್ಟ ಕೊಡಲಿಲ್ಲ. ಮೂಲದಲ್ಲಿ 495 ಗಜ, ಪಾರ್ 4. ಟೀಯಿಂದ ಹಿಂದೆ ರೈಲ್ವೆ ಶೆಡ್ಡುಗಳಿದ್ದ ಮೂಲೆಯ ಮೇಲಿಂದ ಕುರುಡಾಗಿ ಹೊಡೆಯಬೇಕು, ಗ್ರೀನಿನ ಎಡಮುಂದೆ ರೋಡ್ ಬಂಕರ್, ಹಿಂದೆ ರಸ್ತೆ ಮತ್ತು ಕಲ್ಲಿನ ಗೋಡೆ. ಇಲ್ಲಿ ಶೆಡ್ಡಿನ ಜಾಗಕ್ಕೆ ಅಡಕೆ ಒಣಗಿಸುವ ಅಂಗಳ ಮತ್ತು ಹೆಂಚಿನ ಕೊಟ್ಟಿಗೆ, ರಸ್ತೆಯ ಜಾಗಕ್ಕೆ ಪಂಚಾಯತ್ ರಸ್ತೆ, ಗೋಡೆಗೆ ಮುರಕಲ್ಲಿನ ಪಾಗಾರ. ಕುರುಡು ಹೊಡೆತಕ್ಕೆ ಪರದೆಯಲ್ಲಿ ಗುರಿ ತೋರಿಸುವ ಗುರುತು ಕಡ್ಡಾಯ, ಇಲ್ಲದಿದ್ದರೆ ಹೊಸಬನಿಗೆ ಕೊಟ್ಟಿಗೆಯ ಮಾಡಷ್ಟೇ ಕಾಣುತ್ತದೆ. ಗ್ರೀನ್ ಆಟದ ದಾರಿಗೆ ಆಳ ಕಡಿಮೆ, 14 ಮೀಟರ್. ರಸ್ತೆಯನ್ನು ಔಟ್ ಮಾಡದೆ ಆಟದೊಳಗೆ ಉಳಿಸಿದ್ದು ಮೂಲಕ್ಕೆ ನಿಷ್ಠೆಯಿಂದ: ಅಲ್ಲಿಯೂ ಚೆಂಡು ರಸ್ತೆಯ ಮೇಲೆ ಬಿದ್ದರೆ ಬಿದ್ದಲ್ಲಿಂದಲೇ ಆಡಬೇಕು.

ಬೆಳಕಿನಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಉದ್ದನೆಯ ನೆರಳು ಚಂದ ಕಾಣುತ್ತದೆಂದು ಸೂರ್ಯನನ್ನು ಯೂರೋಪಿನಂತೆ ದಕ್ಷಿಣಕ್ಕೆ ತಗ್ಗಿನಲ್ಲಿ ನಿಲ್ಲಿಸುತ್ತಾರೆ. 12.5 ಡಿಗ್ರಿ ಅಕ್ಷಾಂಶದಲ್ಲಿ ನಡುಮಧ್ಯಾಹ್ನದ ನೆರಳು ಕಾಲಬುಡದಲ್ಲಿರುತ್ತದೆ; ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ಅದು ದಕ್ಷಿಣಕ್ಕೇ ಬೀಳುತ್ತದೆ. ಜನವರಿಯ ಸಂಜೆ ನಾಲ್ಕೂವರೆ ಆರಿಸಿಕೊಂಡದ್ದರಿಂದ ನೆರಳೂ ಉದ್ದ, ಲೆಕ್ಕವೂ ಸರಿ. ಗ್ರೀನಿನ ಇಳಿಜಾರು ಕಣ್ಣಿಗೆ ಓದಲು ಬರುತ್ತದೆ.

ಕೊನೆಗೆ ಉಳಿದದ್ದು ಮಳೆಗಾಲ. ಜುಲೈ ಆವೃತ್ತಿಯೂ ಬೇಕೆಂದಾಗ ಬಣ್ಣ ಬದಲಿಸಿ ಪಳ್ಳಗಳಿಗೆ ನೀರು ತುಂಬಿಸಿದರಾಯಿತು ಎಂದು ಕಂಡರೂ, ನೆಲದ ಗಟ್ಟಿತನ ಇಳಿಸಿದ ಕೂಡಲೇ 4ನೇ ಹೋಲು ಬೇರೆಯೇ ಆಯಿತು. ಭುಜದ ಮೇಲೆ ಬಿದ್ದ ಚೆಂಡು ಅಲ್ಲೇ ಕಚ್ಚಿಕೊಳ್ಳುತ್ತದೆ, ಎಡಹಿಂದಿನ ಕಂಬಕ್ಕೆ ನೆಲದ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಜುಲೈ ಫೈಲಿನಲ್ಲಿ ಟೀ 150 ಮೀಟರಿಗೆ ಮುಂದೆ ಬಂದಿದೆ, ಹಿಂದಿನ ಎರಡು ಕಂಬದ ಜಾಗಗಳನ್ನು ತೆಗೆದಿದೆ, ಬಂಕರಿನ ತಳದಲ್ಲಿ ಒಂದು ಅಂಗೈಯಷ್ಟು ಕೆಂಪು ನೀರು ನಿಂತಿದೆ. ಆ ಫೈಲಿನಲ್ಲಿ ಈ ಹೋಲಿಗೆ ರೆಡಾನ್ ಎಂಬ ಹೆಸರಿಲ್ಲ, ಕೋರೆ ಎಂದಷ್ಟೇ ಇದೆ.